ಕಾಂಕ್ರೀಟ್ ಮುಚ್ಚಿಕೊಳ್ಳುವ ಮೊದಲು

(ಬೆಳಗಾವಿಯ ಟಿಳಕವಾಡಿಯಲ್ಲಿ ಅಪಾರ್ಟ್‌ಮೆಂಟ್ ನಿವಾಸಿಗಳು ಮತ್ತು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಟ್ಟಡ ಯಾಕೆ ಬೀಳುತ್ತದೆ ಎಂದು ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ 'ಸಿಮೆಂಟ್ ಕಡಿಮೆ ಹಾಕಿರ್ತಾರ್ರಿ' ಎಂದೇ. ಅದು ಸುಳ್ಳಲ್ಲ. ಆದರೆ ಸಿಮೆಂಟ್ ಲೆಕ್ಕದಂತೆ ಹಾಕಿದ ಕಟ್ಟಡಗಳೂ ಬಿದ್ದಿವೆ. ಇಷ್ಟು ವರ್ಷ ಕಟ್ಟಡದ ಕೆಲಸದಲ್ಲಿದ್ದು ನನಗೆ ಮನದಟ್ಟಾದದ್ದು ಒಂದು ಮಾತು. ಕಟ್ಟಡ ಹೆಚ್ಚಾಗಿ ಸೋಲುವುದು ಒಂದು ಭಾಗ ಇನ್ನೊಂದಕ್ಕೆ ಕೂಡುವ ಜಾಗದಲ್ಲಿ. ಗೋಡೆ ನೆಲಕ್ಕೆ ಕೂಡುವಲ್ಲಿ, ಬೀಮ್ ಕಾಲಂಗೆ ಕೂಡುವಲ್ಲಿ, ಕಾಲಂ ಪಾಯಕ್ಕೆ ಕೂಡುವಲ್ಲಿ. ಕೆಲಸ ಮುಗಿದ ಮೇಲೆ ಆ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಅಲ್ಲಿ ಅವಸರ ಜಾಸ್ತಿ, ಆಲಸ್ಯ ಜಾಸ್ತಿ, ಮೋಸವೂ ಜಾಸ್ತಿ. ಇವತ್ತು ನಾನು ಆ ಜಾಗದ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಲಂಡನ್ನಿನ ಒಂದು ಕಟ್ಟಡದ ಕಥೆ ಹೇಳಬೇಕು. ಸಿವಿಲ್ ಓದುತ್ತಿರುವ ಹುಡುಗರು ಹೆಸರು ಕೇಳಿರಬಹುದು: ರೋನನ್ ಪಾಯಿಂಟ್. ಪೂರ್ವ ಲಂಡನ್ನಿನ ನ್ಯೂಹ್ಯಾಮ್‌ನಲ್ಲಿದ್ದ 22 ಅಂತಸ್ತಿನ ವಸತಿ ಕಟ್ಟಡ. ಒಟ್ಟು 110 ಮನೆಗಳು. ಎರಡನೇ ಮಹಾಯುದ್ಧದ ಬಾಂಬಿಗೆ ಆ ಭಾಗದಲ್ಲಿ ಓಣಿ ಓಣಿಗಳೇ ನೆಲಸಮವಾಗಿದ್ದವು. ದುಡಿಯುವ ಜನಕ್ಕೆ ಮನೆ ಬೇಕಿತ್ತು, ಬೇಗ ಬೇಕಿತ್ತು. ಕಟ್ಟಡ ಎತ್ತರವಾದಷ್ಟೂ ಸರ್ಕಾರದ ಸಹಾಯಧನ ಜಾಸ್ತಿ ಎನ್ನುವ ಕಾನೂನು 1956ರಲ್ಲೇ ಬಂದಿತ್ತು. ಹಾಗಾಗಿ ಒಂದು ಹೊಸ ಪದ್ಧತಿ ಹಿಡಿದರು. ಗೋಡೆ, ನೆಲ ಎಲ್ಲವನ್ನೂ ಕಾರ್ಖಾನೆಯಲ್ಲೇ ದೊಡ್ಡ ಕಾಂಕ್ರೀಟ್ ಹಲಗೆಗಳಾಗಿ ಎರಕ ಹೊಯ್ಯುವುದು. ಲಾರಿಯಲ್ಲಿ ತಂದು ಕ್ರೇನಿನಿಂದ ಒಂದರ ಮೇಲೊಂದು ನಿಲ್ಲಿಸುವುದು. ಸಂದುಗಳಿಗೆ ಗಾರೆ ತುಂಬುವುದು. ಕಾಲಂ ಇಲ್ಲ, ಬೀಮ್ ಇಲ್ಲ, ಗೋಡೆಯೇ ಎಲ್ಲ ಭಾರ ಹೊರಬೇಕು. ಡೆನ್ಮಾರ್ಕಿನಲ್ಲಿ ಈ ಪದ್ಧತಿ ರೂಪಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಆರು ಅಂತಸ್ತಿನವರೆಗಿನ ಮನೆಗಳು. ಲಂಡನ್ನಿನಲ್ಲಿ ಅದನ್ನೇ 22ಕ್ಕೆ ಏರಿಸಿದರು.

1968ರ ಮಾರ್ಚ್‌ನಲ್ಲಿ ಕೆಲಸ ಮುಗಿದು ಜನ ಬರತೊಡಗಿದರು. ಎರಡು ತಿಂಗಳು ಕಳೆಯಿತು. ಮೇ 16ರ ಬೆಳಗಿನ ಜಾವ, ಆರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. 18ನೇ ಅಂತಸ್ತಿನ ಮೂಲೆಮನೆಯಲ್ಲಿದ್ದ ಹೆಣ್ಣುಮಗಳೊಬ್ಬರು ಎದ್ದು, ಚಹಾಕ್ಕೆ ಇಡೋಣವೆಂದು ಕಡ್ಡಿ ಗೀರಿದರು. ಅಷ್ಟರಲ್ಲಾಗಲೇ ಮನೆಯಲ್ಲಿ ಗ್ಯಾಸ್ ಸೋರಿತ್ತು. ಪೈಪನ್ನು ಒಲೆಗೆ ಕೂಡಿಸುವ ಹಿತ್ತಾಳೆ ನಟ್ ಕಳಪೆಯದು, ಅದು ಮುರಿದಿತ್ತು. ಸ್ಫೋಟವಾಯಿತು.

ಇಲ್ಲಿ ಗಮನಿಸಿ, ಅದು ಅಂಥಾ ದೊಡ್ಡ ಸ್ಫೋಟ ಆಗಿರಲಿಲ್ಲ. ಆ ಹೆಣ್ಣುಮಗಳು ಬದುಕಿದರು. ಅವರ ಕಿವಿಯ ತಮಟೆ ಕೂಡ ಹರಿದಿರಲಿಲ್ಲ. ಅದನ್ನು ನೋಡಿಯೇ ತನಿಖೆಯವರು ಸ್ಫೋಟದ ಒತ್ತಡ ಕಡಿಮೆಯೇ ಇತ್ತು ಎಂದು ಹೇಳಿದರು. ಒಬ್ಬ ಮನುಷ್ಯನ ಕಿವಿ ತಾಳಿಕೊಂಡ ಒತ್ತಡವನ್ನು ಆ ಕಾಂಕ್ರೀಟ್ ಗೋಡೆ ತಾಳಲಿಲ್ಲ! ಮೂಲೆಯ ಹಲಗೆಗಳು ಹೊರಕ್ಕೆ ಸರಿದು ಬಿದ್ದವು. ಮೇಲಿನ ನಾಲ್ಕು ಅಂತಸ್ತಿನ ಮೂಲೆಗೆ ಆಸರೆ ಹೋಯಿತು, ಅವು ಕುಸಿದವು. ಆ ಭಾರ ಕೆಳಗಿನ ಅಂತಸ್ತಿನ ಮೇಲೆ ಬಿತ್ತು, ಅದೂ ಕುಸಿಯಿತು, ಅದರ ಕೆಳಗಿನದೂ. ಹೀಗೆ ತುದಿಯಿಂದ ನೆಲದವರೆಗೆ ಇಡೀ ಮೂಲೆಯೇ ಕಳಚಿ ಬಿತ್ತು. ನಾಲ್ವರು ಸತ್ತರು, 17 ಮಂದಿಗೆ ಗಾಯವಾಯಿತು. ಬಿದ್ದದ್ದು ಹೆಚ್ಚಾಗಿ ಹಾಲ್ ಇದ್ದ ಭಾಗ. ಜನ ಇನ್ನೂ ಮಲಗುವ ಕೋಣೆಗಳಲ್ಲಿದ್ದರು. ಅದೇ ಸಂಜೆ ಹೊತ್ತು ಆಗಿದ್ದರೆ ಎಷ್ಟು ಮನೆಗಳಲ್ಲಿ ಸಾವಾಗುತ್ತಿತ್ತೋ ನೀವೇ ಯೋಚಿಸಿ.

ತನಿಖೆ ಇನ್ನೊಂದು ಮಾತು ಹೇಳಿತು. ಗ್ಯಾಸೇ ಬೇಕಾಗಿರಲಿಲ್ಲ. ಜೋರು ಬಿರುಗಾಳಿಗೂ ಈ ಕಟ್ಟಡ ಹೀಗೇ ಬೀಳಬಹುದಿತ್ತು ಎಂದು.

ಆಮೇಲೆ ಏನು ಮಾಡಿದರು? ಮೂಲೆ ಮತ್ತೆ ಕಟ್ಟಿದರು. ಅಲ್ಲಲ್ಲಿ ಬಲಪಡಿಸಿದರು. ಗ್ಯಾಸ್ ತೆಗೆಸಿದರು. ಜನ ಮತ್ತೆ ಬಂದು ವರ್ಷಗಟ್ಟಲೆ ಅಲ್ಲೇ ಬಾಳಿದರು. ಸ್ಯಾಮ್ ವೆಬ್ ಎಂಬ ವಾಸ್ತುಶಿಲ್ಪಿ ಮಾತ್ರ ಸುಮ್ಮನಿರಲಿಲ್ಲ. ಒಳಗೆ ಏನೋ ಸರಿ ಇಲ್ಲ ಎಂದು ಹೇಳುತ್ತಲೇ ಬಂದರು. ಕೊನೆಗೆ 1986ರಲ್ಲಿ ಕಟ್ಟಡ ತೆಗೆಯುವಾಗ ಸಿಡಿಮದ್ದು ಇಟ್ಟು ಉರುಳಿಸದೆ, ಒಂದೊಂದೇ ಅಂತಸ್ತು ಬಿಚ್ಚಿ ನೋಡಿದರು. ಆಗ ಸಂದುಗಳು ಬಾಯಿ ಬಿಟ್ಟವು. ಗಾರೆ ಗಟ್ಟಿಯಾಗಿ ತುಂಬಬೇಕಾದ ಜಾಗದಲ್ಲಿ ಹಳೆಯ ಸುದ್ದಿಪತ್ರಿಕೆಗಳು, ಕಸ. ಎಷ್ಟೋ ಗೋಡೆಗಳು ಗಾರೆಯ ಮೇಲೆ ಕೂತೇ ಇರಲಿಲ್ಲ. ಹಲಗೆ ಮಟ್ಟ ಮಾಡಲು ಕೊಟ್ಟಿದ್ದ ಬೋಲ್ಟುಗಳ ಮೇಲೆ ನಿಂತಿದ್ದವು. ಕಾರ್ಖಾನೆಯಿಂದ ಬಂದ ಹಲಗೆ ಗಟ್ಟಿಯೇ ಇತ್ತು. ಹಲಗೆ ಹಲಗೆ ಕೂಡುವಲ್ಲಿ ಕಾಗದ ಇತ್ತು.

ಆ ಸಾವುಗಳ ನಂತರ 1970ರಲ್ಲಿ ಇಂಗ್ಲೆಂಡ್ ತನ್ನ ಕಟ್ಟಡ ನಿಯಮ ಬದಲಿಸಿತು. ಐದು ಅಂತಸ್ತು ಅಥವಾ ಅದಕ್ಕಿಂತ ಎತ್ತರದ ಕಟ್ಟಡದಲ್ಲಿ ಒಂದು ಭಾಗ ಹೋದರೆ ಹಾನಿ ಅಲ್ಲಿಗೇ ನಿಲ್ಲಬೇಕು, ಇಡೀ ಕಟ್ಟಡ ಹಿಂಬಾಲಿಸಬಾರದು ಎಂದು. ಬಂಡಿಯ ಕಡೆಗೀಲು ಬಿದ್ದರೆ ಗಾಲಿ ಕಳಚಿ ಬಂಡಿಯೇ ಮಗುಚುತ್ತದೆ. ಜನ ಮಲಗುವ ಮನೆ ಅಂಥ ಒಂದೇ ಕೀಲಿನ ಮೇಲೆ ನಿಲ್ಲಬಾರದು. ಇಷ್ಟೇ ಆ ನಿಯಮದ ತಿರುಳು.

ಈಗ ನಮ್ಮೂರಿಗೆ ಬರೋಣ. ನಮ್ಮಲ್ಲಿ ಹಲಗೆ ಜೋಡಿಸಿ ಕಟ್ಟಿದ ಮನೆಗಳು ಕಡಿಮೆ. ನಮ್ಮವು ಕಾಲಂ, ಬೀಮ್, ಸ್ಲ್ಯಾಬ್. ಹಾಗಾದರೆ ನಮಗೆ ಭಯ ಇಲ್ಲ ಅಂತೀರಾ? ನಮಗೂ ಸಂದು ಇದೆ. ಕಾಲಂ ಮತ್ತು ಬೀಮ್ ಕೂಡುವ ಆ ಒಂದಡಿ, ಒಂದೂವರೆ ಅಡಿ ಜಾಗ.

ಸ್ಲ್ಯಾಬ್ ಹಾಕುವ ಹಿಂದಿನ ದಿನ ಯಾವುದಾದರೂ ಸೈಟಿಗೆ ಹೋಗಿ ನೋಡಿ. ಕಾಲಂನ ಉದ್ದ ಸರಳುಗಳಿಗೆ ಸುತ್ತಲೂ ರಿಂಗ್ ಕಟ್ಟಿರುತ್ತಾರೆ. ಭಾರ ಬಿದ್ದಾಗ ಆ ಸರಳುಗಳು ಹೊರಕ್ಕೆ ಬಾಗದಂತೆ, ಒಳಗಿನ ಕಾಂಕ್ರೀಟ್ ಸಿಡಿಯದಂತೆ ಹಿಡಿಯುವುದು ಈ ರಿಂಗುಗಳೇ. ಕಾಲಂನಲ್ಲಿ ರಿಂಗ್ ಇರುತ್ತದೆ, ಬೀಮಿನಲ್ಲಿ ಇರುತ್ತದೆ. ಎರಡೂ ಕೂಡುವ ಜಾಗದಲ್ಲಿ ನೋಡಿ, ಹಲವು ಸೈಟುಗಳಲ್ಲಿ ಇರುವುದಿಲ್ಲ. ಯಾಕೆಂದರೆ ಅಲ್ಲಿ ನಾಲ್ಕೂ ಕಡೆಯಿಂದ ಬೀಮಿನ ಸರಳು ಬಂದು ಹೆಣೆದುಕೊಂಡಿರುತ್ತವೆ, ಕೈ ಹೋಗುವುದಿಲ್ಲ. ಮೊದಲೇ ರಿಂಗ್ ಇಳಿಬಿಟ್ಟುಕೊಂಡು ಬೀಮ್ ಕಟ್ಟಬೇಕು. ಅದಕ್ಕೆ ಹೊತ್ತು ಬೇಕು. ಸರಳು ಬಾಗಿಸಿ ಕಟ್ಟುವ ಬಾರ್ ಬೆಂಡರ್‌ಗೆ ಟನ್ ಲೆಕ್ಕದಲ್ಲಿ ದುಡ್ಡು. ಬಿಟ್ಟುಬಿಡುತ್ತಾನೆ. ಇದರಲ್ಲಿ ಕಳ್ಳತನ ಏನೂ ಇಲ್ಲ. ಕೆಲಸ ಕಷ್ಟ, ಹೊತ್ತಿಲ್ಲ, ಬಂದು ನೋಡುವವರೂ ಇಲ್ಲ. ಇನ್ನು ರಿಂಗಿನ ಕೊಕ್ಕೆ. ಅದು 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟಿಗೆ ಹೊಕ್ಕಿರಬೇಕು. ಭೂಕಂಪ ತಾಳುವಂತೆ ಕಟ್ಟಲು ನಮ್ಮ ದೇಶದಲ್ಲಿರುವ ಐ.ಎಸ್. 13920 ಎಂಬ ಕೋಡ್ (ನಿಯಮಪುಸ್ತಕ) ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ 90 ಡಿಗ್ರಿಗೆ ಮುರಿದು ಬಿಡುತ್ತಾರೆ. ಹೊರಗಿನ ಕಾಂಕ್ರೀಟ್ ಉದುರಿದ ಕ್ಷಣ ಅಂಥ ರಿಂಗ್ ಬಿಚ್ಚಿಕೊಳ್ಳುತ್ತದೆ.

ಕಾಲಂ ಹಾಕುವಾಗ ಬೀಮಿನ ತಳಕ್ಕೆ ಬಂದು ನಿಲ್ಲಿಸುತ್ತಾರೆ. ಆಮೇಲೆ ಸೆಂಟ್ರಿಂಗ್ (ಹಸಿ ಕಾಂಕ್ರೀಟ್ ಹೊರುವ ತಾತ್ಕಾಲಿಕ ಹಲಗೆ, ಕಂಬ), ಸರಳು ಕಟ್ಟುವುದು. ಅಷ್ಟು ದಿನ ಆ ಕಾಲಂ ತಲೆಯ ಮೇಲೆ ಏನೇನು ಬೀಳುತ್ತದೆ ಗೊತ್ತಾ? ಕಟ್ಟಿಗೆ ಹೊಟ್ಟು, ಬೈಂಡಿಂಗ್ ತಂತಿಯ ತುಂಡು, ಗುಟ್ಕಾ ಚೀಟಿ, ಬೀಡಿ. ಸೆಂಟ್ರಿಂಗ್ ಹಲಗೆಗಳ ಸಂದಿನಿಂದ ಸಿಮೆಂಟ್ ಹಾಲು ಸೋರಬಾರದು ಎಂದು ಸಿಮೆಂಟ್ ಚೀಲದ ಕಾಗದ ತುರುಕುತ್ತಾರೆ, ಅದರಲ್ಲಿ ಅರ್ಧ ಒಳಗೇ ಉಳಿಯುತ್ತದೆ. ಸ್ಲ್ಯಾಬ್ ದಿನ ಬೆಳಗ್ಗೆ ಜೋರಾಗಿ ನೀರು ಹೊಡೆದು ತೊಳೆಯಬೇಕು, ಹಳೆಯ ಕಾಂಕ್ರೀಟಿನ ಮೇಲಿನ ಮೆತ್ತನೆ ಪದರ ಕೆತ್ತಿ ತೆಗೆಯಬೇಕು. ಎಷ್ಟು ಕಡೆ ಮಾಡುತ್ತಾರೆ? ಲಂಡನ್ನಿನ ಸಂದಿನಲ್ಲಿ ಸುದ್ದಿಪತ್ರಿಕೆ ಸಿಕ್ಕಿತು ಎಂದು ಓದಿದಾಗ ನನಗೆ ನೆನಪಾದದ್ದು ನಮ್ಮ ಸೈಟಿನ ಈ ಚೀಲದ ಕಾಗದ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸೆಂಟ್ರಿಂಗ್ ಹಲಗೆ ಬಿಚ್ಚಿದಾಗ ಕೂಡುವ ಜಾಗದಲ್ಲಿ ಖಡಿ ಹಲ್ಲು ಕಿರಿದು ನಿಂತಿರುತ್ತದೆ. ಒಳಗೆ ಕಾಂಕ್ರೀಟ್ ಅಲುಗಿಸಿ ಕೂರಿಸುವ ವೈಬ್ರೇಟರ್ ಹೋಗಿಲ್ಲ, ಕಾಂಕ್ರೀಟ್ ಇಳಿದಿಲ್ಲ. ಎಂಜಿನಿಯರ್ ನೋಡುವ ಮೊದಲೇ ಸಂಜೆಯೊಳಗೆ ಅದರ ಮೇಲೆ ಗಿಲಾವ್ ಬಿದ್ದಿರುತ್ತದೆ. ಮುಂದೆ ಅದರ ಮೇಲೆ ಪುಟ್ಟಿ, ಬಣ್ಣ, ಗೃಹಪ್ರವೇಶದ ತೋರಣ.

ಇಷ್ಟಾದರೂ ಕಟ್ಟಡ ನಿಂತಿರುತ್ತದೆ ಅಲ್ವಾ? ನಿಂತಿರುತ್ತದೆ. ದಿನನಿತ್ಯದ ಭಾರಕ್ಕೆ ನಿಲ್ಲುತ್ತದೆ. ಅಡ್ಡ ಅಲುಗಾಟ ಬಂದ ದಿನ ಆ ಜಾಗ ಬಾಯಿ ಬಿಡುತ್ತದೆ. 2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪ ಆಯಿತಲ್ಲ, ಅಹಮದಾಬಾದ್ ಅದರ ಕೇಂದ್ರದಿಂದ 200 ಕಿ.ಮೀ.ಗೂ ಜಾಸ್ತಿ ದೂರ. ಆದರೂ ಅಲ್ಲಿ ಹತ್ತಾರು ಅಪಾರ್ಟ್‌ಮೆಂಟುಗಳು ಬಿದ್ದು ನೂರಾರು ಜನ ಸತ್ತರು. ಬಿದ್ದವುಗಳಲ್ಲಿ ಹೆಚ್ಚಿನವು ಕೆಳಗೆ ಪಾರ್ಕಿಂಗಿಗೆ ಬಿಟ್ಟು, ಬರೀ ಕಾಲಂಗಳ ಮೇಲೆ ನಿಂತವು. ಮೇಲೆ ಗೋಡೆಗಳಿಂದ ಬಿಗಿಯಾದ ಅಂತಸ್ತುಗಳು, ಕೆಳಗೆ ಬರಿಗಾಲು. ಅಲುಗಾಟವೆಲ್ಲ ಆ ಕೆಳಗಿನ ಕಾಲಂಗಳ ಮೇಲೆ, ಅವು ಬೀಮಿಗೆ ಕೂಡುವ ಜಾಗದ ಮೇಲೆ ಬಿತ್ತು. ಊರುಗಳನ್ನು ಭೂಕಂಪದ ಅಪಾಯದ ಮೇಲೆ ವಲಯಗಳಾಗಿ ವಿಂಗಡಿಸುವ ಐ.ಎಸ್. 1893 ಕೋಡಿನ 2016ರ ಪಟ್ಟಿಯಲ್ಲಿ ಅಹಮದಾಬಾದ್ ಇದ್ದದ್ದು ಮೂರನೇ ವಲಯದಲ್ಲಿ, ಅಂದರೆ ಮಧ್ಯಮ ಅಪಾಯದ ವಲಯದಲ್ಲಿ. ನಮ್ಮ ಬೆಳಗಾವಿ, ವಿಜಯಪುರ ಕೂಡ ಅದೇ ಪಟ್ಟಿಯಲ್ಲಿ ಮೂರನೇ ವಲಯವೇ. 1967ರಲ್ಲಿ ಭೂಕಂಪವಾದ ಮಹಾರಾಷ್ಟ್ರದ ಕೊಯ್ನಾ ಇಲ್ಲಿಂದ ನೇರ ಗೆರೆ ಎಳೆದರೆ 200 ಕಿ.ಮೀ. ಒಳಗೇ ಇದೆ. ಇನ್ನು ಮಹಾರಾಷ್ಟ್ರದ ಲಾತೂರ್ ಕಡೆಯ ಕಿಲ್ಲಾರಿಯ ಭೂಕಂಪ 1993ರಲ್ಲಿ ಎಷ್ಟು ಜನರನ್ನು ಬಲಿ ತೆಗೆದುಕೊಂಡಿತು ಎನ್ನುವುದು ವಿಜಯಪುರದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಇವತ್ತು ಬೆಳಗಾವಿಯಲ್ಲಿ ಏಳುವ ಅಪಾರ್ಟ್‌ಮೆಂಟುಗಳಿಗೆ ಕೆಳಗೆ ಪಾರ್ಕಿಂಗ್ ಇದ್ದೇ ಇರುತ್ತದೆ. ಬೇಡ ಅನ್ನುವುದಿಲ್ಲ. ಆ ಕಾಲಂಗಳನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ ಕಟ್ಟಿ, ಕಾಂಕ್ರೀಟ್ ಗೋಡೆಗಳನ್ನು ಸೇರಿಸಿ ಅನ್ನುತ್ತೇನೆ.

ನೀರಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. 50 ಕಿಲೋದ ಒಂದು ಚೀಲ ಸಿಮೆಂಟಿಗೆ 25 ಲೀಟರ್ ಆಸುಪಾಸು ನೀರು ಸಾಕು. ಸುರಿಯಲು ಸಲೀಸಾಗಲಿ ಎಂದು ಅದನ್ನು 35ಕ್ಕೆ ಏರಿಸಿದರೆ ಬಲದಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೋಯಿತು. ಸಿಮೆಂಟ್ ಒಂದು ಮುಷ್ಟಿ ಕೂಡ ಕದಿಯದೆ ಆಗುವ ಹಾನಿ ಇದು. ಹಾಕಿದ ಮೇಲೆ ಕನಿಷ್ಠ 7 ದಿನ, ಈಗಿನ ಪಿ.ಪಿ.ಸಿ. (ಹಾರುಬೂದಿ ಬೆರೆತ) ಸಿಮೆಂಟಿಗೆ 10 ದಿನ ಒದ್ದೆಯಾಗಿಡಬೇಕು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಸಲ ಪೈಪ್ ಹಿಡಿದರೆ ಅದು ಕ್ಯೂರಿಂಗ್ ಅಲ್ಲ. ಗೋಣಿ ಹಾಸಿ, ಮಡಿ ಕಟ್ಟಿ ನೀರು ನಿಲ್ಲಿಸಿ.

ಎರೆ ಮಣ್ಣಿನ ಬಗ್ಗೆ ಬಾಗಲಕೋಟೆ, ವಿಜಯಪುರದಿಂದ ಬಂದವರು ಕೇಳೇ ಕೇಳುತ್ತೀರಿ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಮೇಲಿನ ಆ ಪದರದಲ್ಲಿ ಪಾಯ ನಿಂತರೆ ಒಂದು ಕಾಲಂ ಏಳುತ್ತದೆ, ಪಕ್ಕದ್ದು ಕೂರುತ್ತದೆ. ಆ ಎಳೆದಾಟವೆಲ್ಲ ಕೊನೆಗೆ ಬಂದು ಸೇರುವುದು ಬೀಮ್-ಕಾಲಂ ಕೂಡುವ ಜಾಗಕ್ಕೇ. ಗಟ್ಟಿ ಗರಸು ಸಿಗುವವರೆಗೆ ಇಳಿಯಬೇಕು, ಇಲ್ಲದಿದ್ದರೆ ಆಳಕ್ಕೆ ಇಳಿಯುವ ಪೈಲ್ ಕಂಬ ಹಾಕಬೇಕು. ಪಕ್ಕದ ಸೈಟಿನವರು ಐದಡಿಗೆ ಪಾಯ ತೆಗೆದರು ಅಂತ ನಾವೂ ಐದಡಿ ತೆಗೆಯುವ ರೂಢಿ ಇದೆಯಲ್ಲ, ಅದು ಬೇಡ. ಮಣ್ಣು ಪರೀಕ್ಷೆ ಮಾಡಿಸಿ. ಇಡೀ ಮನೆಯ ಖರ್ಚಿನ ಮುಂದೆ ಅದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಹತ್ತಿರದ ದುಃಖ. 2019ರ ಮಾರ್ಚ್ 19, ಧಾರವಾಡದ ಕುಮಾರೇಶ್ವರ ನಗರ. ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಧ್ಯಾಹ್ನ ಕುಸಿದು 19 ಜನ ಸತ್ತರು. ಮೂರನೇ ದಿನವೂ ಅವಶೇಷದಡಿಯಿಂದ ಜೀವಂತ ಇದ್ದವರನ್ನು ಎತ್ತಿದರು. ಆ ದಿನಗಳಲ್ಲಿ ಇಲ್ಲಿ ಯಾರೂ ನೆಮ್ಮದಿಯಿಂದ ಊಟ ಮಾಡಲಿಲ್ಲ. ಯಾರ ತಪ್ಪು ಎಷ್ಟು ಎನ್ನುವುದು ನ್ಯಾಯಾಲಯದ ಮಾತು. ನಾನು ಹೇಳುವುದು ಎಲ್ಲರೂ ಕಣ್ಣಾರೆ ಕಂಡ ಸಂಗತಿ: ಮೇಲೆ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. 2013ರ ಏಪ್ರಿಲ್ 4ರಂದು ಠಾಣೆ ಹತ್ತಿರದ ಮುಂಬ್ರಾದಲ್ಲಿ 74 ಜನ ಸತ್ತ ಕಟ್ಟಡದಲ್ಲೂ ಹಾಗೇ. ಪರವಾನಗಿಯೇ ಇಲ್ಲದ ಕಟ್ಟಡ, ಕೆಳಗೆ ಸಂಸಾರಗಳು, ಮೇಲೆ ಇನ್ನೂ ಅಂತಸ್ತು ಏರಿಸುತ್ತಿದ್ದರು. ಹಸಿ ಸ್ಲ್ಯಾಬಿನ ಭಾರವನ್ನು ಸೆಂಟ್ರಿಂಗ್ ಕಂಬಗಳು ಕೆಳಗಿನ ಸ್ಲ್ಯಾಬಿಗೆ ದಾಟಿಸುತ್ತವೆ. ಅದೂ ಎಳೆಯದಾಗಿದ್ದರೆ ಎರಡೂ ಕೂಡಿ ಬೀಳುತ್ತವೆ. ದೊಡ್ಡ ಬೀಮಿನ ಕೆಳಗಿನ ಕಂಬ 14ರಿಂದ 21 ದಿನ ತೆಗೆಯಬಾರದು ಎನ್ನುತ್ತದೆ ಕಾಂಕ್ರೀಟ್ ಕೆಲಸದ ಕೋಡ್ ಐ.ಎಸ್. 456. ಕೆಲಸ ಮುಗಿಯದ ಕಟ್ಟಡದಲ್ಲಿ ದಯವಿಟ್ಟು ಯಾರೂ ಅಂಗಡಿ ಇಡಬೇಡಿ, ಬಾಡಿಗೆಗೂ ಹೋಗಬೇಡಿ. ಬಾಡಿಗೆ ಎಷ್ಟೇ ಕಡಿಮೆ ಇರಲಿ.

2014ರ ಜನವರಿಯಲ್ಲಿ ಗೋವಾದ ಕಾಣಕೋಣದಲ್ಲಿ ವಸತಿ ಕಟ್ಟಡವೊಂದು ಬಿದ್ದು ಮೂವತ್ತಕ್ಕೂ ಜಾಸ್ತಿ ಜನ ಸತ್ತರು. ಅದೇ ವರ್ಷ ಜೂನ್ 28ರಂದು ಚೆನ್ನೈನ ಮೌಲಿವಾಕ್ಕಂನಲ್ಲಿ 11 ಅಂತಸ್ತಿನ ಕಟ್ಟಡ ಬಿದ್ದು 61 ಜನ. ಎರಡೂ ಕಡೆ ಸತ್ತವರು ಕಟ್ಟುತ್ತಿದ್ದ ಕೂಲಿಗಳು. ನಮ್ಮ ಜಿಲ್ಲೆಗಳಿಂದ, ಅದರಲ್ಲೂ ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಎಷ್ಟು ಜನ ಗಂಟು ಕಟ್ಟಿಕೊಂಡು ಗೋವಾ, ಮಂಗಳೂರು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ ನಿಮಗೆ ಗೊತ್ತು. ಅವರು ಕಟ್ಟುತ್ತಿರುವ ಕಟ್ಟಡದ ಒಳಗೋ ಪಕ್ಕದ ಶೆಡ್ಡಿನಲ್ಲೋ ಮಲಗುತ್ತಾರೆ, ಮಕ್ಕಳೊಂದಿಗೆ. ಅದಕ್ಕೇ ಗೌಂಡಿಯನ್ನು, ಕೂಲಿಯನ್ನು ಬೈಯುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನೋಡಬೇಕಾದವರು ನೋಡಲಿಲ್ಲ, ಅದರ ಬೆಲೆಯನ್ನು ಮೊದಲು ತೆರುವವನು ಅವನೇ.

ಯಾರು ನೋಡಬೇಕು? ಪ್ಲಾನ್ ಪಾಸ್ ಮಾಡುವ ಕಚೇರಿ ಮುಖ್ಯವಾಗಿ ನೋಡುವುದು ಎಷ್ಟು ಜಾಗ ಬಿಟ್ಟಿದ್ದೀರಿ, ಎಷ್ಟು ಎತ್ತರ ಅನ್ನುವುದನ್ನು. ಸರಳು ಕಟ್ಟಿದ ದಿನ ಅಲ್ಲಿಂದ ಯಾರೂ ಬರುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಡ್ರಾಯಿಂಗ್ ಕೊಟ್ಟು ಹೋಗಿರುತ್ತಾನೆ. ಸೈಟಿಗೆ ಬಂದು ನೋಡಲು ಅವನಿಗೆ ಯಾರೂ ದುಡ್ಡು ಕೊಡುವುದಿಲ್ಲ. ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುವ ನಾವು ಇದಕ್ಕೆ ಚೌಕಾಸಿ ಮಾಡುತ್ತೇವೆ. ಪ್ರತಿ ಸ್ಲ್ಯಾಬಿಗೂ ಮೊದಲು ಡ್ರಾಯಿಂಗ್ ಮಾಡಿದವನೇ ಬಂದು ನೋಡಿ ಸಹಿ ಹಾಕಬೇಕು, ಆಮೇಲೆಯೇ ಮಿಕ್ಸರ್ ತಿರುಗಬೇಕು. ಕೂಡುವ ಪ್ರತಿಯೊಂದು ಜಾಗದ ಫೋಟೋ ಇರಬೇಕು. ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ. ಫ್ಲ್ಯಾಟ್ ಕೊಳ್ಳುವಾಗ ಆ ಫೋಟೋಗಳನ್ನು ಕೇಳಿ, 28 ದಿನದ ಕ್ಯೂಬ್ ಪರೀಕ್ಷೆಯ (ಕಾಂಕ್ರೀಟಿನ ಮಾದರಿ ಗಟ್ಟಿಯನ್ನು ಒತ್ತಿ ಬಲ ನೋಡುವ ಪರೀಕ್ಷೆ) ಕಾಗದ ಕೇಳಿ. ಕೊಡಲು ಒಲ್ಲೆ ಎಂದರೆ ಕೊಳ್ಳಬೇಡಿ. ಈಗಾಗಲೇ ಕೊಂಡವರಿಗೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಇದೆ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿ ಮಾಡಬೇಕು. ಬಾಯಿ ಮಾತು ಬೇಡ, ಬರೆದು ಕೊಡಿ.

ಪ್ರಶ್ನೆಗಳಿಗೆ ಬರೋಣ.

'ಮೇಲೆ ಇನ್ನೊಂದು ಅಂತಸ್ತು ಏರಿಸಬೇಕಂತ ಮಾಡೇವ್ರಿ, ಈಗಿನ ಕಾಲಂ ತಡೀತಾವೇನು?' ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದ್ದಾರೆ. ಹಳೆಯ ಡ್ರಾಯಿಂಗ್ ಇದೆಯಾ? ಅದರಲ್ಲಿ ಆ ಅಂತಸ್ತಿನ ಲೆಕ್ಕ ಇದೆಯಾ? ಎರಡೂ ಇಲ್ಲದಿದ್ದರೆ ಏರಿಸಬೇಡಿ. ಸರಳು ಮೇಲಕ್ಕೆ ಬಿಟ್ಟಿದ್ದಾರೆ ಎನ್ನುವುದು ಲೆಕ್ಕ ಹಾಕಿದ್ದಕ್ಕೆ ಸಾಕ್ಷಿ ಆಗುವುದಿಲ್ಲ. ಟೆರೇಸಿನಲ್ಲಿ ದೊಡ್ಡ ಟ್ಯಾಂಕ್ ಇಡುವವರೂ ಕೇಳಿ: ಸಾವಿರ ಲೀಟರ್ ನೀರು ಅಂದರೆ ಒಂದು ಟನ್.

'ಸರ್, ನಮ್ಮ ಪಾರ್ಕಿಂಗ್‌ನಾಗ ಒಂದು ಕಾಲಂ ಸೀಳೈತ್ರಿ, ಏನು ಮಾಡೋದು?' ಅಕ್ಕಾರೆ, ಮೊದಲು ಸೀಳು ಹೇಗಿದೆ ನೋಡಿ. ಗಿಲಾವಿನ ಮೇಲೆ ಕೂದಲೆಳೆಯಂಥ, ಜಾಲದಂಥ ಬಿರುಕು ಆದರೆ ಹೆದರಬೇಡಿ. ಕಾಲಂ ಉದ್ದಕ್ಕೆ, ಸರಳಿನ ಗುಂಟ ಸೀಳಿ ತುಕ್ಕಿನ ಕಲೆ ಕಂಡರೆ ಒಳಗೆ ಸರಳು ಉಬ್ಬುತ್ತಿದೆ ಎಂದರ್ಥ. ಸಮಯ ಇದೆ, ಆದರೆ ತಡ ಬೇಡ. ಗಿಲಾವ್ ಕೆತ್ತಿಸಿ, ಕಾಂಕ್ರೀಟ್ ಒಡೆಯದೆಯೇ ಅದರ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿಸಿ. ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಚಾರಿಸಿ, ದಾರಿ ತೋರಿಸುತ್ತಾರೆ. ಅದೇ ಸೀಳು ಓರೆಯಾಗಿದ್ದರೆ, ಅದೂ ಬೀಮಿನ ಕೆಳಗೆ ಕಾಲಂ ತಲೆಯಲ್ಲಿದ್ದರೆ, ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ, ಮೇಲಿನ ಮನೆಗಳಲ್ಲಿ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ರಾತ್ರಿ ಲಟಲಟ ಸದ್ದು ಕೇಳಿದರೆ, ಸೊಸೈಟಿ ಮೀಟಿಂಗಿಗೆ ಕಾಯಬೇಡಿ. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಆವತ್ತೇ ನೆಂಟರ ಮನೆಗೆ ಹೋಗಿ. ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆಯಿರಿ, ಪಾಲಿಕೆಗೆ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಕಾಲಂ ಮೇಲೆ ಸಿಮೆಂಟ್ ಮಾತ್ರ ಬಳಿಸಬೇಡಿ, ಬಳಿಸಿದರೆ ಸೀಳು ಬೆಳೆಯುತ್ತಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೋ ತೆಗೆದು, ತಾರೀಖು ಬರೆದುಕೊಂಡು ನಾಳೆ ಬೆಳಗ್ಗೆ ನನ್ನ ಹತ್ತಿರ ಬನ್ನಿ, ನಾನೇ ಬಂದು ನೋಡುತ್ತೇನೆ.